ಹಣಿಗೆ ಹಚ್ಚಿದ ಕುದುರಿ

ಇಲ್ರೀ ಶೀತಲ್ ಅಣ್ಣಾ, ಕಳವು ಆಗಿಲ್ಲ. ಆಲ್ಬಮ್ಮಿನ ಆ ಖಾಲಿ ಜಾಗಾ ಎಷ್ಟು ಸಲ ಬೆರಳಿಲೆ ಮುಟ್ಟಿ ನೋಡ್ತೀರಿ? ಕುದುರಿ ನಾಣ್ಯ ಇಲ್ಲಿ ತನಕಾ ಬರಲೇ ಇಲ್ಲ. ಉಳಿದದ್ದು ನೋಡ್ರಲಾ... ಹಂದಿ, ಗೂಳಿ, ಈ ಹಕ್ಕಿ. ಎರಡು ಸಾವಿರ ವರ್ಷದ ಹಿಂದ ಯುರೋಪದಾಗ ಕೆಲ್ಟ್ ಮಂದಿ ಹೊಡೆದ ನಾಣ್ಯ, ಅಥಣಿ ದನದ ದವಾಖಾನಿ ಕಂಪೌಂಡರ್ ಈ ಬಸವಂತನ ಆಲ್ಬಮ್ಮಿನ್ಯಾಗ ಬಂದು ಕುಂತಾವು! ಚಾ ಕುಡೀರಿ. ಬಾಜೂ ಮನಿಯವ್ರು ಕಳಿಸ್ಯಾರ, ಆರತೈತಿ.

ಎಲ್ಲಿ ಹೋತು ಅಂತೀರೇನ್? ಅನುಸೂಯಾನ ಕೂಡ ಮಣ್ಣಾಗ ಹೋತ್ರಿ.

ಹೌದ್ರಿ. ನಮ್ಮ ಮಂದ್ಯಾಗ ಮಣ್ಣು ಕೊಡೂ ಮುಂದ ಹಣಿಗೆ ನಾಣ್ಯ ಹಚ್ತಾರ. ಸ್ವಾಮಿಗೋಳು, ‘ಬೆಳ್ಳೀದು ಐತೇನಪಾ?’ ಅಂದ್ರು. ಕಿಸೇದಾಗ ಕೈ ಹಾಕಿದೆ, ಸಿಕ್ಕದ್ದು ಕೊಟ್ಟೆ. ಕೊಲ್ಲಾಪುರದ ನಾಣ್ಯ ಪ್ರದರ್ಶನಕ್ಕ ಹಾಕ್ಕೊಂಡು ಹೋದ ಅಂಗೀನ ಮೈಮ್ಯಾಲಿತ್ತು, ಅಲ್ಲಿ ಕೊಂಡ ಕುದುರಿ ಕಿಸೇದಾಗ ಹಂಗ ಇತ್ತು... ಯಾರಿಗೆ ನೆನಪಿರತೈತ್ರಿ? ವಿಭೂತಿ ಮ್ಯಾಲೆ ಒತ್ತಿದ್ರು. ಆಮ್ಯಾಲೆ ನೋಡ್ತೀನಿ, ಹೇಣ್ತಿ ಹಣಿ ಮ್ಯಾಲೆ ಬಾಲ ಎತ್ತಿ ನಿಂತೈತಿ. ‘ಇದೇನಪಾ, ಕುದುರಿ?’ ಅಂದ್ರು ಸ್ವಾಮಿಗೋಳು. ಇರ್ಲಿ ಬಿಡ್ರಿ ಅಂದೆ.

ಯಾಕ ನಗ್ತೀರಿ? ನಗ್ರಿ, ನಗ್ರಿ. ಆಕೀನೂ ನಗ್ತಿದ್ಳು. ಆ ನಾಣ್ಯದ ಫೋಟೋ ತೋರಿಸಿದ್ರ, ‘ಇದು ಕುದುರಿ ಅಲ್ಲ, ಆಡು. ಕಾಲು ಮೈಗೇ ಹತ್ತಿಲ್ಲ, ಸೂಜಿ ಎಲ್ಲಿ ಚುಚ್ಚತೀರಿ?’ ಅಂತಿದ್ಳು. ಮೂರು ವರ್ಷ ಹುಡುಕಿದ ನಾಣ್ಯ... ಹೋತು. ಹೋತಂತ ಏನೂ ಅನಸವಲ್ದು. ಐದು ದಿನ ಆತು, ಅಳೂನೂ ಬರವಲ್ದ್ರಿ ನನಗ. ಕೈ ಜೋಮ ಹಿಡಿದಂಗ ಆಗೈತಿ ಎಲ್ಲಾ.

ಅಣ್ಣಾ... ಒಂದ್ ಮಾತು. ಮಗಳು ಸುಂದರಾ ಒಳಗ ಅದಾಳ. ಈಗ ಹೊರಗ ಬಂದು ನಿಮ್ಮನ್ನ ಕೇಳ್ತಾಳ. ಅವ್ವಗ ಎದಿ ನೋವು ಬಂದಾಗ ಅಪ್ಪಗ ಫೋನ್ ಯಾಕ ಹತ್ತಲಿಲ್ಲ ಅಂತ. ರೇಂಜ್ ಇರಲಿಲ್ಲ ಅಂತ ಹೇಳೀನಿ. ಪ್ರದರ್ಶನದ ಹಾಲ್, ಸುತ್ತಕಡೆ ಸಿಮೆಂಟಿನ ಗ್ವಾಡಿ... ಸಿಗ್ತಿದ್ದಿಲ್ಲಲಾ ರೇಂಜು? ನೀವ ಬಾಜೂ ಇದ್ರಿ. ನಿಮ್ಮ ಮಾತು ಆಕಿ ನಂಬತಾಳ. ಹೂಂ ಅಂದ್ರ ಸಾಕು.

ಹೂಂ ಅನ್ರಿ.

ಯಾಕ್ರಿ, ಕಪ್ಪು ಕೆಳಗ ಇಟ್ರಿ? ನಿಪ್ಪಾಣ್ಯಾಗ ನಿಮ್ಮ ತಂಬಾಕಿನ ವ್ಯಾಪಾರದಾಗ ದಿನಾ ಎಷ್ಟು ಸುಳ್ಳು ಹೇಳ್ತೀರಿ, ಇದೊಂದು... ತಪ್ಪಾತ್ರಿ. ಬಾಯಿಗೆ ಬಂದದ್ದು ಅಂದ್ಬಿಟ್ಟೆ. ಏನರೆ ಮಾತಾಡ್ರಿ ಅಣ್ಣಾ. ಹಂಗ ನೋಡಬ್ಯಾಡ್ರಿ ನನ್ನ.



ಕುದುರಿ ಕೊಳ್ಳೂ ಮುಂದ ನಾ ಎರಡು ಸಲ ಫೋನ್ ಕಟ್ ಮಾಡಿದ್ದು ನಿಮಗ ಕಂಡಿಲ್ಲ ಅನ್ಕೊಂಡಿದ್ದೆ. ಮೂರನೇ ಸಲ ಹೆಸರು ನೀವೂ ಓದಿದ್ರಿ. ‘ಎತ್ತೋ ಬಸವಂತಾ, ಮನಿಯಿಂದ ಐತಿ’ ಅಂದ್ರಿ. ನಾ ಏನಂದೆ? ನೆನಪೈತಿ... ನನಗೂ ಐತಿ. ‘ತಡೀರಿ, ಆಕಿ ಎಲ್ಲಿ ಹೋಗ್ತಾಳ’ ಅಂದೆ.