ಇನ್ನೊಂದು ಕೈಯಲ್ಲಿ ಏನಿತ್ತು

ಅಧ್ಯಕ್ಷರಾದ ಸಾತಲಿಂಗಪ್ಪನವರೇ, ನನ್ನ ಮೊಮ್ಮಗಳಿಗೆ ವಿದ್ಯೆ ಕೊಟ್ಟ ದೊಡ್ಡ ಡಾಕ್ಟರ್ ಸಾಹೇಬರೇ, ಸೊಲ್ಲಾಪುರದ ವ್ಯಾಪಾರಸ್ಥ ಬಂಧುಗಳೇ, ಹನ್ನೂರಿನಿಂದ ಟೆಂಪೋ ಮಾಡಿಕೊಂಡು ಬಂದ ನಮ್ಮ ಊರಿನವರೇ, ತಾಯಂದಿರೇ, ಸಭಿಕರೇ,

ನನಗೆ ಎರಡು ಮಾತು ಆಡಲು ಹೇಳಿದ್ದಾರೆ. ಎರಡೇ ಮಾತಿಗೆ ನಿಲ್ಲುವ ಹೆಂಗಸು ಇವಳಲ್ಲ ಎಂದು ನಮ್ಮ ಯಜಮಾನರು ಕಲ್ಲಣ್ಣನವರು ಬರುವಾಗಲೇ ಟೆಂಪೋದಲ್ಲಿ ಎಲ್ಲರಿಗೂ ತಿಳಿಸಿದ್ದಾರೆ. ನನ್ನ ಹೆಸರು ದ್ರೌಪದಿ. ಈ ಹೊತ್ತು ನೀವು ಶಾಲು ಹೊದಿಸಿದ ಎಲುಬಿನ ಡಾಕ್ಟರ್ ಪ್ರಣಿತಾಳ ಅಜ್ಜಿ. ನಾನು ಶಾಲೆಗೆ ಹೋದವಳಲ್ಲ. ಅಂಗಡಿಯವರು ಬೆಲ್ಲ, ಬೇಳೆ ಕಟ್ಟಿಕೊಟ್ಟ ಕಾಗದಗಳನ್ನು ಬಿಡಿಸಿ ಬಿಡಿಸಿ ಅಕ್ಷರ ಕಲಿತವಳು. ನಾಗಣಸೂರಿನಲ್ಲಿರುವ ತಂಗಿ ಗಂಗುಬಾಯಿಗೆ ಕಾಗದ ಬರೆಯುವುದೊಂದು ಬಿಟ್ಟರೆ ಬೇರೆ ಬರವಣಿಗೆ ನನಗೆ ಗೊತ್ತಿಲ್ಲ. ಈ ಭಾಷಣವನ್ನೂ ಅವಳಿಗೆ ಬರೆದ ಹಾಗೆಯೇ ಬರೆದು ತಂದಿದ್ದೇನೆ. ನಡುವೆ ಎಲ್ಲಾದರೂ ‘ನೀನು’ ಎಂದು ಬಂದರೆ ಅಧ್ಯಕ್ಷರು ಸಿಟ್ಟಾಗಬಾರದು.

ಪ್ರಣಿತಾ ಬರೆದ ಪ್ರಬಂಧಕ್ಕೆ ಬಹುಮಾನ ಬಂದಿದೆ. ವಿಷಯ ಏನು? ದೊಡ್ಡವರ ಮೊಣಕೈ ಮುರಿತ. ಯಾರಿಗೆ ಆಗುತ್ತದೆ, ಯಾವ ವಯಸ್ಸಿಗೆ ಆಗುತ್ತದೆ, ಹೇಗೆ ಆಗುತ್ತದೆ. ಮೊದಲ ಸಲ ಇದನ್ನು ಕೇಳಿದಾಗ ನನಗೆ ನಗು ಬಂದಿತ್ತು. ಹೃದಯ ಇದೆ, ಮೆದುಳಿದೆ, ಅವೆಲ್ಲ ಬಿಟ್ಟು ಮೊಣಕೈ ಹಿಡಿದಳಲ್ಲ ಎನ್ನಿಸಿತ್ತು. ನಮ್ಮ ಮನೆಯಲ್ಲಿ ಮೊಣಕೈಗೆ ಇದ್ದದ್ದು ಒಂದೇ ಕೆಲಸ, ಬಸ್ಸು ಹತ್ತುವಾಗ ಮುಂದಿನವರನ್ನು ಸರಿಸುವುದು. ಅದರೊಳಗೆ ಇಷ್ಟು ದೊಡ್ಡ ಲೋಕ ಇದೆ ಎಂದು ಯಾರಿಗೆ ಗೊತ್ತಿತ್ತು?

ನನಗೆ ಗೊತ್ತಾದದ್ದು ಬಿದ್ದ ಮೇಲೆ.

ಎರಡು ವರ್ಷದ ಹಿಂದಿನ ಮಾತು. ಎಳ್ಳ ಅಮಾವಾಸ್ಯೆಯ ದಿನ. ಪೇಟೆಯಲ್ಲೇ ಹುಟ್ಟಿ ಬೆಳೆದವರಿಗಾಗಿ ಹೇಳುತ್ತೇನೆ: ಅವತ್ತು ನಮ್ಮ ಕಡೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತೇವೆ. ಸಜ್ಜೆ ರೊಟ್ಟಿ, ಕಡುಬು, ಭಜ್ಜಿ, ಅಂಬಲಿ ಎಲ್ಲ ಮಾಡಿಕೊಂಡು, ಸುಣ್ಣ ಬಳಿದ ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಅದೇ ಅಡಿಗೆಯನ್ನು ಬೆಳೆಯ ಮೇಲೆ ಎರಚುತ್ತೇವೆ. ಅದಕ್ಕೆ ಚರಗ ಚೆಲ್ಲುವುದು ಎನ್ನುತ್ತೇವೆ. ಬಸುರಿಗೆ ಬಯಕೆ ಉಣ್ಣಿಸಿದ ಹಾಗೆ, ತೆನೆ ಕಟ್ಟುವ ಭೂಮಿಗೆ ಉಣ್ಣಿಸುವುದು. ಆ ಅಡಿಗೆಯ ಬುಟ್ಟಿಯನ್ನು ಮನೆಯ ಹಿರಿಯ ಹೆಂಗಸು ತಲೆಯ ಮೇಲೆ ಹೊತ್ತು ನಡೆಯಬೇಕು. ಪೂಜೆ ಆಗುವವರೆಗೆ ಬುಟ್ಟಿ ನೆಲಕ್ಕೆ ತಾಗಬಾರದು.

ಈ ಬುಟ್ಟಿಯ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ನಮ್ಮ ಅತ್ತೆ ಗುರುಬಾಯಿ ಬಹಳ ಬಿಗಿ ಹೆಂಗಸು. ನಾನು ಸೊಸೆಯಾಗಿ ಬಂದ ಮೇಲೆ ನನ್ನ ಕೈಯ ರೊಟ್ಟಿಯನ್ನಾಗಲಿ, ನನ್ನ ಮಗ ಕಾಂತೇಶನನ್ನಾಗಲಿ ಚೆಂದ ಎಂದವರಲ್ಲ. ಮೊಣಕಾಲು ಸೋತ ವರ್ಷ ಅವರೇ ಬುಟ್ಟಿಯನ್ನು ಎತ್ತಿ ನನ್ನ ತಲೆಯ ಮೇಲಿಟ್ಟು, “ಇನ್ನಮ್ಯಾಲೆ ಇದು ನಿಂದು” ಎಂದರು. ಹೊಲ ಗಂಡಸರ ಹೆಸರಿನಲ್ಲಿ, ಮನೆ ಗಂಡಸರ ಹೆಸರಿನಲ್ಲಿ. ನಿಂದು ಎಂದು ಯಾರಾದರೂ ನನಗೆ ಕೊಟ್ಟದ್ದು ಅದೊಂದೇ. ಇರಲಿ. ಇದನ್ನು ಹೇಳಬೇಕೆಂದು ಬರೆದುಕೊಂಡಿರಲಿಲ್ಲ.

ಅವತ್ತು ನಮ್ಮ ಹೊಲದ ಒಡ್ಡು ಇಳಿಯುವಾಗ ಕಾಲು ಜಾರಿತು. ಎಡಗೈ ಬುಟ್ಟಿಯನ್ನು ಹಿಡಿದೇ ಇತ್ತು. ಬಲಗೈ ನೆಲಕ್ಕೆ ಊರಿತು. ಒಳಗೆ ಕಡಲೆಕಾಯಿ ಒಡೆದಂತಹ ಸಣ್ಣ ಸದ್ದಾಯಿತು. ಬುಟ್ಟಿಯಿಂದ ಒಂದು ಕಡುಬೂ ಉದುರಲಿಲ್ಲ. ಹಿಂದಿನಿಂದ ಬರುತ್ತಿದ್ದವರೆಲ್ಲ ಬುಟ್ಟಿ ಉಳಿಯಿತೆಂದು ನನ್ನನ್ನು ಹೊಗಳಿದರು. ನಾನೂ ಉಬ್ಬಿದೆ. ಎಡಗೈಯಿಂದಲೇ ಎಲ್ಲರಿಗೂ ಬಡಿಸಿದೆ. ಸಂಜೆಗೆ ನೋಡಿದರೆ ಬಲಗೈ ಕುಂಬಳಕಾಯಿಯಂತೆ ಊದಿತ್ತು.

ಸೊಲ್ಲಾಪುರಕ್ಕೆ ಕರೆತಂದರು. ಪ್ರಣಿತಾ ಆಗಿನ್ನೂ ಅಲ್ಲಿಯ ಆಸ್ಪತ್ರೆಯಲ್ಲಿ ಕಲಿಯುತ್ತಿದ್ದಳು. ಎಲುಬಿನ ಫೋಟೋ ತೆಗೆಸಿ ಬೆಳಕಿಗೆ ಹಿಡಿದು ತೋರಿಸಿದಳು. ಮೊಣಕೈಯಲ್ಲಿ ಮೂರು ಎಲುಬು ಬಂದು ಸೇರುತ್ತವೆ. ಅವುಗಳಲ್ಲಿ ಒಂದಕ್ಕೆ ದುಂಡನೆಯ ಸಣ್ಣ ತಲೆ ಇದೆ. ಅಂಗೈಯನ್ನು ಮೇಲೆ ಕೆಳಗೆ ತಿರುಗಿಸಿದಾಗ ಆ ತಲೆ ತನ್ನ ಜಾಗದಲ್ಲೇ ಗಿರಗಿರ ತಿರುಗುತ್ತದೆ. ಜನ್ಮವಿಡೀ ರೊಟ್ಟಿ ಬಡಿದೆ, ಕಸ ಗುಡಿಸಿದೆ, ಮಕ್ಕಳಿಗೆ ಉಣ್ಣಿಸಿದೆ. ಅಷ್ಟು ಕೆಲಸವನ್ನು ಬಟನ್ನಿನಷ್ಟು ಸಣ್ಣ ಎಲುಬೊಂದು ಮೂಲೆಯಲ್ಲಿ ಕೂತು ಮಾಡಿಸುತ್ತಿತ್ತೇ? ಅದಕ್ಕೊಂದು ಸಣ್ಣ ಬಿರುಕು ಬಿಟ್ಟಿತ್ತು. ನೋವಿನಲ್ಲೂ ನಾನು ಆ ಫೋಟೋ ನೋಡುತ್ತ ಬೆರಗಾಗಿ ಕೂತುಬಿಟ್ಟೆ.

ಪ್ರಣಿತಾ ಹೇಗೆ ಬಿದ್ದೆ ಎಂದು ಕೇಳಿದಳು. ಹೇಳಿದೆ. ಫೋಟೋ ಮತ್ತೊಮ್ಮೆ ನೋಡಿ ಇನ್ನೊಂದು ಪ್ರಶ್ನೆ ಕೇಳಿದಳು. ನಮ್ಮ ಕಡೆ ಅಜ್ಜಿಯನ್ನು ಆಯಿ ಎಂದೇ ಕರೆಯುತ್ತಾರೆ.

“ಆಯಿ, ಇನ್ನೊಂದು ಕೈಯಾಗ ಏನಿತ್ತು?”

“ಚರಗದ ಬುಟ್ಟಿ ಇತ್ತವ್ವಾ. ಮತ್ತೇನಿರ್ತದ?”

“ಬಿಡಬೇಕಿತ್ತಲ್ಲ?”

“ಅದನ್ನ ಯಾರರೆ ಬಿಡ್ತಾರೇನ? ನಿನಗ ಭಾಳ ಸಾಲಿ ಕಲಿಸಿ ತಪ್ಪಾಗ್ಯದ ನೋಡು.”

ಆ ದಿನದಿಂದ ಮೊಣಕೈ ಮುರಿದುಕೊಂಡು ಬಂದ ಪ್ರತಿಯೊಬ್ಬರನ್ನೂ ಅವಳು ಇದೇ ಪ್ರಶ್ನೆ ಕೇಳತೊಡಗಿದಳು. ಮರಾಠಿಯವರಿಗೆ ಮರಾಠಿಯಲ್ಲಿ, ನಮ್ಮವರಿಗೆ ಅವಳ ಅರೆಬೆಂದ ಕನ್ನಡದಲ್ಲಿ.

ಎರಡು ವರ್ಷ ಕೇಳಿ ಅವಳು ಕಂಡದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ, ತಪ್ಪಿದರೆ ದೊಡ್ಡ ಡಾಕ್ಟರ್ ತಿದ್ದಲಿ. ಮಕ್ಕಳು ಬಿದ್ದರೆ ಹೆಚ್ಚಾಗಿ ಮುರಿಯುವುದು ಮೊಣಕೈಯ ಮೇಲಿನ ಎಲುಬು. ದೊಡ್ಡವರಿಗೆ ಹೆಚ್ಚಾಗಿ ಮುರಿಯುವುದು ನಾನು ಹೇಳಿದ ಆ ದುಂಡನೆಯ ತಲೆ. ಹರೆಯದ ಗಂಡಸರು ಬೈಕಿನಿಂದ ಬೀಳುತ್ತಾರೆ, ಕಟ್ಟುವ ಮನೆಯ ಮೇಲಿನಿಂದ ಬೀಳುತ್ತಾರೆ. ವಯಸ್ಸಾದ ಹೆಂಗಸರು ಎಲ್ಲಿಂದಲೂ ಬೀಳುವುದಿಲ್ಲ. ನಿಂತ ನೆಲದ ಮೇಲೆ ನಿಂತಲ್ಲೇ ಬೀಳುತ್ತಾರೆ. ಬಚ್ಚಲಲ್ಲಿ, ಹೊಸ್ತಿಲಲ್ಲಿ, ಒರೆಸಿದ ಫರಸಿಕಲ್ಲಿನ ನೆಲದ ಮೇಲೆ. ಎಲುಬು ಒಳಗೇ ತೆಳುವಾಗಿರುತ್ತದೆ, ತನ್ನ ಮೈಯ ಎತ್ತರವೇ ಸಾಕಾಗುತ್ತದೆ. ಬೇರೆ ಬೇರೆ ದೇಶಗಳಲ್ಲಿ ಎಣಿಸಿದವರಿಗೂ ಬಹುಮಟ್ಟಿಗೆ ಹೀಗೆಯೇ ಕಂಡಿದೆಯಂತೆ.

ಇದನ್ನು ಕೇಳಿದ ದಿನ ನನಗೆ ಊಟ ಸೇರಲಿಲ್ಲ. ನನ್ನ ಬೀಳುವಿಕೆ ನನ್ನದು ಎಂದುಕೊಂಡಿದ್ದೆ. ನನ್ನ ಹಣೆಬರಹ, ನಮ್ಮ ಹೊಲದ ಒಡ್ಡು, ನನ್ನ ಕಾಲು. ಭಾಷೆ ತಿಳಿಯದ ಊರುಗಳಲ್ಲಿ, ಹಿಮ ಬೀಳುವ ಊರುಗಳಲ್ಲಿ, ನನ್ನ ಓರಗೆಯವರು ನನ್ನ ಹಾಗೆಯೇ ಕೈ ಊರಿ ಬೀಳುತ್ತಿದ್ದಾರೆ ಎಂದರೆ ನನಗೆ ಎಷ್ಟು ಜನ ಅಕ್ಕತಂಗಿಯರು!

ಇನ್ನೊಂದು ಕೈಯಲ್ಲಿ ಏನಿತ್ತು? ಅದರ ಉತ್ತರಗಳನ್ನು ಪ್ರಣಿತಾ ಹೆಸರು ಹೇಳದೆ ನನಗೆ ತಿಳಿಸಿದಳು. ಬೋರಾಮಣಿಯ ಕಡೆಯ ಒಬ್ಬ ಹೆಂಗಸಿನ ಕೈಯಲ್ಲಿ ಆರತಿ ತಟ್ಟೆ, ದೀಪ ಆರಲಿಲ್ಲ. ಒಬ್ಬಾಕೆಯ ಕಂಕುಳಲ್ಲಿ ಮೊಮ್ಮಗು, ಅದು ಏನೂ ಆಗದೆ ನಗುತ್ತಿತ್ತು. ಒಬ್ಬ ಹಿರಿಯರು ಬೈಕಿನ ಹಿಂದೆ ಕೂತು ಆಡಿನ ಮರಿ ತಬ್ಬಿಕೊಂಡಿದ್ದರು, ಮರಿಗೆ ಗಾಯವಿಲ್ಲ. ಒಬ್ಬ ಹುಡುಗಿಯ ಕೈಯಲ್ಲಿ ಮೊಬೈಲು, ಗಾಜು ಕೂಡ ಬಿರುಕು ಬಿಟ್ಟಿರಲಿಲ್ಲ. ಇಷ್ಟು ಜನರನ್ನು ಕೇಳಿದ ಮಾತ್ರಕ್ಕೆ ಏನೂ ಸಾಬೀತಾಗುವುದಿಲ್ಲ, ಇದು ಬರೀ ಪ್ರಶ್ನೆ ಎಂದು ಅವಳೇ ಹೇಳುತ್ತಾಳೆ. ಆಗಲಿ. ಆದರೆ ಯೋಚಿಸಿರಿ. ಮನುಷ್ಯ ಬೀಳುವ ಆ ಒಂದು ಕ್ಷಣದಲ್ಲಿ ತನ್ನ ಎಲುಬನ್ನು ಕೊಟ್ಟು ಇನ್ನೊಂದನ್ನು ಉಳಿಸಿಕೊಳ್ಳುತ್ತಾನೆ. ಇದನ್ನು ನಮಗೆ ಕಲಿಸಿದವರು ಯಾರು?

ನನ್ನ ಕೈ ಸರಿಹೋಯಿತು. ಆದರೆ ಪ್ರಣಿತಾ ನನ್ನ ಎಲುಬುಗಳನ್ನು ಪರೀಕ್ಷೆ ಮಾಡಿಸಿ ಮನೆಯವರನ್ನೆಲ್ಲ ಕೂಡಿಸಿ ಹೇಳಿದಳು. ಎಲುಬು ಬಹಳ ತೆಳುವಾಗಿದೆ, ಮುಂದಿನ ಸಲ ಹೀಗೆ ಬಿದ್ದರೆ ಮೊಣಕೈ ಪುಡಿಯಾಗಬಹುದು, ಸೊಂಟವೂ ಹೋಗಬಹುದು. ನಾನು ಇನ್ನು ಬುಟ್ಟಿ ಹೊರಕೂಡದು ಎಂದು ಮಗ ಕಾಂತೇಶ ತೀರ್ಮಾನ ಕೊಟ್ಟ. ಹೋದ ವರ್ಷ ಸೊಸೆ ಶುಭಾಂಗಿ ಹೊತ್ತಳು. ಅವಳದೇನೂ ತಪ್ಪಿಲ್ಲ, ಚೆಂದವಾಗಿಯೇ ಹೊತ್ತಳು. ನಾನು ಬರಿಗೈಯಲ್ಲಿ ಹಿಂದೆ ಹಿಂದೆ ನಡೆದೆ. ಆ ವರ್ಷದ ಕಡುಬಿಗೆ ರುಚಿ ಇತ್ತೋ ಇಲ್ಲವೋ ನನಗೆ ನೆನಪಿಲ್ಲ.

ಅದನ್ನು ಪ್ರಣಿತಾ ಕಂಡಳು. ಈ ವರ್ಷ ಹಬ್ಬ ಹತ್ತಿರ ಬಂದಾಗ ರಜೆ ಹಾಕಿ ಊರಿಗೆ ಬಂದು ನನ್ನೆದುರು ಕೂತಳು.

“ಬುಟ್ಟಿ ನೀನ ಹೊರು, ಆಯಿ. ಖರೆ ಕಾಲು ಜಾರಿದ್ರ ಬಿಡ್ತೀನಿ ಅಂತ ಮಾತು ಕೊಡು.”

“ಕೊಟ್ಟೆ.”

“ಬಾಯಿಲೆ ಕೊಟ್ರ ಆಗಂಗಿಲ್ಲ. ಕೈಲೆ ಕೊಡಬೇಕು.”

ನಮ್ಮ ಅಂಗಳದಲ್ಲಿ ಅಭ್ಯಾಸ ಶುರುವಾಯಿತು. ತಲೆಯ ಮೇಲೆ ಖಾಲಿ ಬುಟ್ಟಿ ಇಟ್ಟು ನನ್ನನ್ನು ನಡೆಸುತ್ತಿದ್ದಳು. ಹಿಂದಿನಿಂದ ಚಪ್ಪಾಳೆ ತಟ್ಟುತ್ತಿದ್ದಳು. ತಟ್ಟಿದ ಕೂಡಲೇ ನಾನು ಬುಟ್ಟಿ ಬಿಡಬೇಕು. ಬಿಡಬೇಕೆಂದೇ ಮನಸ್ಸು ಮಾಡಿ ನಿಲ್ಲುತ್ತಿದ್ದೆ. ಚಪ್ಪಾಳೆ ಕೇಳಿದ ಕೂಡಲೇ ಕೈ ತಾನಾಗಿ ಇನ್ನೂ ಬಿಗಿಯಾಗಿ ಹಿಡಿಯುತ್ತಿತ್ತು. ಕಟ್ಟೆಯ ಮೇಲೆ ಕೂತ ನಮ್ಮ ಯಜಮಾನರು ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು, “ಎಲ್ಲಾರ ಮನ್ಯಾಗ ಹೊರೂದು ಕಲಿಸ್ತಾರ, ನಮ್ಮ ಮನ್ಯಾಗ ಕೆಳಗ ಒಗೆಯೂದು ಕಲಿಸ್ಲಿಕತ್ತಾರ ನೋಡ್ರಿ” ಎನ್ನುತ್ತಿದ್ದರು. ಪ್ರಣಿತಾ ಆಸ್ಪತ್ರೆಗೆ ಮರಳುವವರೆಗೂ ನನ್ನ ಕೈ ಒಮ್ಮೆಯೂ ಬುಟ್ಟಿ ಬಿಡಲಿಲ್ಲ. ಅವಳು ಹೋಗುವಾಗ ಮುಖ ಸಣ್ಣದಾಗಿತ್ತು. ಆದರೂ ಹೊರಬೇಡ ಎನ್ನಲಿಲ್ಲ.

ಹಬ್ಬ ಬಂತು. ನಾನೇ ಹೊತ್ತೆ. ಒಡ್ಡನ್ನು ಜೋಪಾನವಾಗಿ ಇಳಿದೆ. ಗೆದ್ದೆ ಎಂದುಕೊಂಡು ಕಡಲೆಯ ಸಾಲಿನಲ್ಲಿ ನಡೆಯುವಾಗ, ಸಮ ನೆಲದಲ್ಲಿ ಕಾಲಡಿಯ ಮಣ್ಣಿನ ಹೆಂಟೆ ಹೊರಳಿತು. ಕೈ ಬುಟ್ಟಿಯನ್ನು ಬಿಗಿಯಾಗಿ ಹಿಡಿಯಿತು. ಆಮೇಲೆ, ನಾನು ಏನೂ ಯೋಚಿಸಿದವಳಲ್ಲ, ಬೆರಳುಗಳು ಬಿಚ್ಚಿಕೊಂಡವು. ಬುಟ್ಟಿ ಒಂದು ಕಡೆ, ನಾನು ಒಂದು ಕಡೆ. ಎರಡೂ ಅಂಗೈ ಊರಿ ಮಣ್ಣಿನಲ್ಲಿ ಮೆತ್ತಗೆ ಕೂತಿದ್ದೆ. ಅಂಬಲಿ ಕಪ್ಪು ಮಣ್ಣಿನಲ್ಲಿ ಇಂಗುತ್ತಿತ್ತು. ಪೂಜೆ ಇನ್ನೂ ಆಗಿರಲಿಲ್ಲ.

ತೀರಿಹೋದ ನಮ್ಮ ಅತ್ತೆಯವರು ಬದುವಿನ ಮೇಲೆ ನಿಂತು ನೋಡುತ್ತಿದ್ದಾರೆ ಎನ್ನಿಸಿ ತಲೆ ಎತ್ತಲಿಲ್ಲ. ಆಗ ನಮ್ಮ ಯಜಮಾನರು ಬಂದರು. ಬಗ್ಗಿದರು. ಚೆಲ್ಲಿದ ಕಡುಬನ್ನು, ಭಜ್ಜಿಯನ್ನು ಮಣ್ಣಿನ ಸಮೇತ ಬೊಗಸೆಯಲ್ಲಿ ಎತ್ತಿ, ‘ಹುಲ್ಲುಲ್ಲಿಗೋ’ ಎಂದು ಚರಗದ ಕೂಗು ಹಾಕಿ ಬೆಳೆಯ ಮೇಲೆ ಎರಚಿದರು. ಆಮೇಲೆ ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ ಹೇಳಿದರು.

“ಭೂಮಿದು ಭೂಮಿಗಿ ಹೋತು. ಆಕಿಗೂ ಹಸಿವ್ಯಾಗಿತ್ತು ಕಾಣ್ತದ. ನೀ ಏಳು.”

ಕಾಂತೇಶ ಹೊಲದಿಂದಲೇ ಪ್ರಣಿತಾಳಿಗೆ ಫೋನು ಹಚ್ಚಿ ನನ್ನ ಕೈಗೆ ಕೊಟ್ಟ. ಬಿದ್ದೆ ಎಂದೆ. ಕೈ ಹೇಗಿದೆ ಎಂದಳು. ಎರಡೂ ಮಡಚುತ್ತವೆ, ತಿರುಗುತ್ತವೆ ಎಂದೆ. ಬುಟ್ಟಿ ಎಂದಳು. ಬಿಟ್ಟೆ ಎಂದೆ. ಆ ಕಡೆ ಮೂಗೆಳೆಯುವ ಸದ್ದು ಕೇಳಿಸಿತು. ಎಷ್ಟೋ ಜನರ ಮುರಿದ ಎಲುಬನ್ನು ಕೈ ನಡುಗದೆ ಕೂಡಿಸಿದ ಹುಡುಗಿ, ಮುರಿಯದ ಒಂದು ಎಲುಬಿಗಾಗಿ ಅಳುತ್ತಿದ್ದಳು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಮುಗಿಸುತ್ತೇನೆ. ಪ್ರಣಿತಾಳ ಪ್ರಬಂಧದಲ್ಲಿ ಮುರಿದವರ ಎಣಿಕೆ ಇದೆ. ಮುರಿಯದೆ ಉಳಿದವರು ಆಸ್ಪತ್ರೆಗೆ ಹೋಗುವುದಿಲ್ಲ, ಅವರನ್ನು ಯಾರೂ ಬರೆದುಕೊಳ್ಳುವುದಿಲ್ಲ. ಅದಕ್ಕಾಗಿಯೇ ಮೊಣಕಾಲು ನೋಯುತ್ತಿದ್ದರೂ ಈ ಮೆಟ್ಟಿಲು ಹತ್ತಿ ಬಂದೆ. ದೊಡ್ಡ ಡಾಕ್ಟರ್ ಸಾಹೇಬರೇ, ನೋಡಿರಿ, ಇದು ಬಲಗೈ, ಇದು ಎಡಗೈ. ಎರಡೂ ಸರಿಯಾಗಿ ಮಡಚುತ್ತವೆ. ಎಲ್ಲಾದರೂ ಒಂದು ಕಡೆ ಇದನ್ನೂ ಬರೆದುಕೊಳ್ಳಿರಿ.

ಕೇಳಿಸಿಕೊಂಡ ನಿಮ್ಮೆಲ್ಲರ ಉಪಕಾರ ದೊಡ್ಡದು. ಎರಡೂ ಕೈ ಕೂಡಿಸಿ, ನಮಸ್ಕಾರ.