ಸಿಸ್ಟರ್ ಬಾಯಲ್ಲಿದ್ದ ಪಟ್ಟಿ

ಆಸ್ಪತ್ರೆಯ ರಕ್ತನಿಧಿಯ ಹೊರಗಿನ ಬೆಂಚಿನಲ್ಲಿ ನನ್ನ ಪಕ್ಕ ಯಾರೋ ಒಬ್ಬ ಅಕ್ಕ, ಅವಳ ತಮ್ಮ ಕೂತಿದ್ದರು. ಇಬ್ಬರೇ ಸೇರಿ ವೆಬ್‌ಸೈಟ್ ಮಾಡಿಕೊಡುವ ಅಂಗಡಿ ನಡೆಸುವವರೆಂದು ಮಾತಿನಲ್ಲೇ ತಿಳಿಯಿತು.

"ಟ್ರಯಲ್ ಕಾಪಿ ಅಂದ್ಕೊಂಡು ಆಸ್ಪತ್ರೆಯ ಅಸಲಿ ಸೈಟನ್ನೇ ಅಳಿಸಿದ್ಯಲ್ಲೋ. ರಕ್ತದಾನಿಗಳ ಪಟ್ಟಿ ಪೂರ್ತಿ ಹೋಯ್ತು."

"ಸ್ಕ್ರೀನಲ್ಲಿ ಎರಡೂ ಒಂದೇ ಥರ ಕಾಣ್ತಿತ್ತು ಅಕ್ಕಾ."

"ಬ್ಯಾಕಪ್ಪನ್ನೂ ಅದೇ ಸರ್ವರಲ್ಲಿಟ್ಟ ಬುದ್ಧಿವಂತ ಯಾರು?"

"ನೀನೇ."

ಅಕ್ಕ ಮಾತು ಬದಲಿಸಿದಳು.

"ರಕ್ತನಿಧಿಯ ಸಿಸ್ಟರ್ ಬೈದ್ರಾ?"

"ಇಲ್ಲ. ಕೂತ್ಕೋ, ಬರ್ಕೋ ಅಂದ್ರು. ನೆಗೆಟಿವ್ ಗುಂಪಿನವರ ಹೆಸರು, ಫೋನ್ ನಂಬರ್ ಎಲ್ಲಾ ಬಾಯಲ್ಲೇ ಹೇಳ್ತಾ ಹೋದ್ರು. ಅರವತ್ತೆರಡು ಜನ."

"ಬುರುಡೆ ಬಿಡಬೇಡ."

"ನಾನೂ ನಂಬ್ಲಿಲ್ಲ. ಅಷ್ಟೂ ಜನಕ್ಕೆ ಫೋನ್ ಮಾಡಿ ನೋಡ್ದೆ."

"ಎಷ್ಟು ತಪ್ಪಿತ್ತು?"

"ಒಂದೂ ಇಲ್ಲ. ಒಬ್ರು ಮಾತ್ರ ಗದರಿದ್ರು. ಈ ನಂಬರ್ ತಗೊಂಡು ನಾಲ್ಕು ದಿನ ಆಗಿದೆ, ಸಿಸ್ಟರನ್ನ ಬಿಟ್ಟು ಯಾರಿಗೂ ಕೊಟ್ಟಿಲ್ಲ, ನಿಮಗೆ ಹೇಗೆ ಸಿಕ್ತು ಅಂತ."

"ಅಂದ್ರೆ ನಮ್ಮ ಸೈಟಲ್ಲಿದ್ದದ್ದು ಹಳೇ ನಂಬರ್."

"ಹೂಂ."

ಅಕ್ಕ ಮುಚ್ಚಿದ ಬಾಗಿಲನ್ನೇ ನೋಡಿದಳು. "ಉಳಿದವರು ಸಾವಿರದ ಮೇಲಿದ್ದಾರೆ. ಆಸ್ಪತ್ರೆಯವರು ನಮ್ಮನ್ನ ಕೆಲಸದಿಂದ ತೆಗೆದ್ರೂ ತೆಗೀಲಿ, ಅಷ್ಟು ಜನರನ್ನ ಎಲ್ಲಿಂದ ಹುಡುಕಿ ತರೋದು?"

ತಮ್ಮ ಉತ್ತರ ಹೇಳುವಷ್ಟರಲ್ಲಿ ಬಾಗಿಲು ತೆರೆಯಿತು. ದಪ್ಪ ಕನ್ನಡಕದ ಸಿಸ್ಟರ್ ಕೈ ಒರೆಸಿಕೊಳ್ಳುತ್ತ ನಿಂತಿದ್ದರು.

"ಓ ಪಾಸಿಟಿವ್ ಗುಂಪಲ್ಲಿ ಎಲ್ಲಿಗೆ ನಿಲ್ಲಿಸಿದ್ವಪ್ಪಾ?"

"ನೂರ ಎಂಬತ್ತೇಳಕ್ಕೆ, ಸಿಸ್ಟರ್."

ಅವನು ಲ್ಯಾಪ್‌ಟಾಪ್ ಎತ್ತಿಕೊಂಡ. ಅಕ್ಕ ಚೀಲದಿಂದ ನೋಟ್‌ಬುಕ್ಕು, ಪೆನ್ನು ತೆಗೆದು ಅವನ ಹಿಂದೆ ಒಳಗೆ ಹೋದಳು.