ಬರಿಗೈಯಲ್ಲಿ ಇಳಿಸಿದ ಕಾರು

ಹೆಸರು: ಲಿಯೊಂಟಿನ್ ರೂಮೆಗೂ. ಗಂಡನ ಹೆಸರು: ಫಿರ್ಮಿನ್ ರೂಮೆಗೂ. ವಯಸ್ಸು: 43 ವರ್ಷ. ಕಸುಬು: ಮನೆಯಲ್ಲಿ ಕುಳಿತು ಚರ್ಮದ ಕೈಗವಸು ಹೊಲಿಯುವುದು. ವಾಸ: ಹಳೆಯ ಗಿರಣಿಯ ಹಿಂದಿನ ಬೀದಿ, ಎರಡನೇ ಮಹಡಿ, ಮಿಯೋ ಪಟ್ಟಣ, ಆವೆರಾನ್ ಜಿಲ್ಲೆ, ಫ್ರಾನ್ಸ್.

ದಿನಾಂಕ 21-9-1964ರ ಸೋಮವಾರ ಬೆಳಿಗ್ಗೆ 9-30 ಗಂಟೆಗೆ ನಾನಾಗಿಯೇ ಠಾಣೆಗೆ ಬಂದು, ಕೇಳಿದ ಪ್ರಶ್ನೆಗಳಿಗೆ ಉತ್ತರವಾಗಿ ಹೇಳಿ ಬರೆಸುವುದೇನೆಂದರೆ:

ಮೊದಲಿಗೆ ಕೈಗವಸಿನ ವಿಷಯ. ನಿನ್ನೆಯಂಥ ಬಿಸಿಲಿನಲ್ಲಿ ನನ್ನ ಗಂಡ ಕೈಗವಸು ಹಾಕಿಕೊಂಡು ಕಾರು ಓಡಿಸುತ್ತಿದ್ದುದೇಕೆ, ಬೆರಳಚ್ಚು ಬೀಳಬಾರದೆಂದೇ ಎಂದು ನನ್ನನ್ನು ಕೇಳಲಾಯಿತು. ಅಲ್ಲ. ನಮ್ಮ ಊರಿನಲ್ಲಿ ಕೈಗವಸು ಹಾಕಿ ಓಡಿಸುವವರು ಹಲವರಿದ್ದಾರೆ. ನಮ್ಮ ಡಾಕ್ಟರರ ಕಾರಿನ ಸ್ಟೀರಿಂಗ್ ನುಣುಪಾದ ಮರದ್ದು, ಕೈ ಬೆವೆತರೆ ಜಾರುತ್ತದೆಂದು ಅವರು ಹಾಕುತ್ತಾರೆ. ಬಟ್ಟೆ ಅಂಗಡಿಯ ಯಜಮಾನರು ಶೋಕಿಗೆ ಹಾಕುತ್ತಾರೆ. ಫಿರ್ಮಿನ್ ಹಾಕುವುದು ಅವನ ಅಂಗೈಯಲ್ಲಿ ಚರ್ಮ ನಿಲ್ಲುವುದಿಲ್ಲವಾದ್ದರಿಂದ.

ಫಿರ್ಮಿನ್‌ಗೆ 47 ವರ್ಷ. ಈಗ ಬಾಡಿಗೆ ಕಾರು ಓಡಿಸುತ್ತಾನೆ. ಅದಕ್ಕೂ ಮೊದಲು ಹದಿನಾರು ವರ್ಷ ನದಿ ದಂಡೆಯ ಕಾರ್ಖಾನೆಯೊಂದರಲ್ಲಿ ಕುರಿ ಚರ್ಮ ಹದ ಮಾಡುತ್ತಿದ್ದನು. ಸುಣ್ಣದ ತೊಟ್ಟಿಗೂ ಕ್ರೋಮ್ ಉಪ್ಪಿನ ತೊಟ್ಟಿಗೂ ಬರಿಗೈ ಹಾಕಿ ಹಾಕಿ ಬೆರಳ ಗೆಣ್ಣುಗಳ ಮೇಲೆ ಕಡಲೆಕಾಳು ಕೂರುವಷ್ಟು ಹಳ್ಳಗಳು ಬಿದ್ದಿವೆ. ಅಂಗೈಗೆ ಏನಾದರೂ ಹತ್ತು ನಿಮಿಷ ಉಜ್ಜಿದರೆ ಸೀಳಿ ರಕ್ತ ಬರುತ್ತದೆ. ಅವನ ಕೈಗವಸುಗಳನ್ನು ಹೊಲಿಯುವವಳು ನಾನು. ಅಂಗೈಗೆ ಕುರಿಮರಿಯ ತೊಗಲು, ಮೇಲ್ಗಡೆ ಹತ್ತಿ ನೂಲಿನ ಹೆಣಿಗೆ. ಹೊಲಿಗೆಯನ್ನು ಹೊರಮುಖಕ್ಕೆ ಬಿಡುತ್ತೇನೆ, ಒಳಗೆ ಬಿಟ್ಟರೆ ಹೊಲಿಗೆಯೇ ಅವನ ಕೈ ಕುಯ್ಯುತ್ತದೆ. ವರ್ಷಕ್ಕೆ ಮೂರು ಜೊತೆ ಸವೆಯುತ್ತವೆ.

ಮೃತ ಉಲಿಸ್ ದೆಲ್ಮೂಲಿ, 54 ವರ್ಷ, ಅದೇ ಕಾರ್ಖಾನೆಯ ಮೇಸ್ತ್ರಿಯಾಗಿದ್ದನು. ಫಿರ್ಮಿನ್ ರಬ್ಬರ್ ಕೈಗವಸು ಬೇಕೆಂದು ನಾಲ್ಕು ಸಲ ಕೇಳಿದ್ದನು. ದೆಲ್ಮೂಲಿ ಕೊಟ್ಟಿರಲಿಲ್ಲ. ಕಳೆದ ವರ್ಷ ಮಾರ್ಚ್ ತಿಂಗಳಲ್ಲಿ ಫಿರ್ಮಿನ್ ಕಾರ್ಮಿಕ ನ್ಯಾಯಾಲಯದಲ್ಲಿ ಎರಡೂ ಅಂಗೈಗಳನ್ನು ಬಿಚ್ಚಿ ತೋರಿಸಿದನು. ಮಾಲೀಕರು ತಪ್ಪನ್ನೆಲ್ಲ ಮೇಸ್ತ್ರಿಯ ತಲೆಗೆ ಕಟ್ಟಿ ಅವನನ್ನು ಕೆಲಸದಿಂದ ತೆಗೆದರು. ಆಮೇಲೆ ನಾನು ಅವನನ್ನು ಸಂತೆಯಲ್ಲಿ ಎರಡು ಸಲ ನೋಡಿದ್ದೆನು. ಮಾತಾಡಿರಲಿಲ್ಲ.

ನಿನ್ನೆ ಭಾನುವಾರ ನಾವಿಬ್ಬರೂ ಬೆಟ್ಟದ ಮೇಲಿನ ಲಾರ್ಜಾಕ್ ಬಯಲಿನಲ್ಲಿರುವ ನನ್ನ ಅಕ್ಕನ ಮನೆಯಲ್ಲಿ ಊಟ ಮುಗಿಸಿ ಮಧ್ಯಾಹ್ನ 3-10ಕ್ಕೆ ಹೊರಟೆವು. ಅಕ್ಕ ಹೊಲಿಯಲು ಕೊಟ್ಟ ಕತ್ತರಿಸಿದ ತೊಗಲುಗಳ ಚೀಲ ನನ್ನ ಕಾಲ ಬಳಿ ಇತ್ತು. ಸುಮಾರು 3-25ಕ್ಕೆ, ಇಳಿಜಾರು ಶುರುವಾಗುವುದಕ್ಕೆ ಎರಡು ಕಿಲೋಮೀಟರ್ ಮೊದಲು, ರಸ್ತೆ ಬದಿಯಲ್ಲಿ ಮೋಟಾರ್ ಸೈಕಲ್ ನಿಲ್ಲಿಸಿಕೊಂಡು ಒಬ್ಬನು ಕೈ ಬೀಸಿದನು. ಮೂವತ್ತು ಮೀಟರ್ ಇರುವಾಗಲೇ ಅವನು ದೆಲ್ಮೂಲಿ ಎಂದು ನನಗೆ ಗುರುತು ಸಿಕ್ಕಿತು. ನಿಲ್ಲಿಸಬೇಡ ಎಂದೆನು.

"ಬಿಸಿಲಲ್ಲಿ ಒಬ್ನೇ ನಿಂತಿದಾನಲ್ಲೇ. ಊರ ತನಕ ಬಿಟ್ಟು ಹೋಗೋಣ, ಏನಾಗತ್ತೆ?" ಎಂದು ಫಿರ್ಮಿನ್ ಹೇಳಿ ಕಾರು ನಿಲ್ಲಿಸಿದನು.

ದೆಲ್ಮೂಲಿ ಹಿಂದಿನ ಸೀಟಿನಲ್ಲಿ, ನನ್ನ ಬೆನ್ನಿಗೆ ಸರಿಯಾಗಿ ಕುಳಿತನು. ಸಾರಾಯಿ ವಾಸನೆ ಇರಲಿಲ್ಲ. ಗಾಡಿಗೆ ಏನಾಯಿತೆಂದು ಫಿರ್ಮಿನ್ ವಿಚಾರಿಸಿದನು. ಮೊದಲನೇ ತಿರುವಿಗೆ ಇನ್ನೂರು ಮೀಟರ್ ಇರುವಾಗ ದೆಲ್ಮೂಲಿ ಎಡಗೈಯಿಂದ ನನ್ನ ಕೂದಲು ಹಿಡಿದು ತಲೆಯನ್ನು ಸೀಟಿಗೆ ಒತ್ತಿ, ಬಲಗೈಯಲ್ಲಿದ್ದ ಚೂರಿಯನ್ನು ನನ್ನ ಗಲ್ಲದ ಕೆಳಗೆ ಇಟ್ಟನು. ಅದು ಚರ್ಮ ಸುಲಿಯುವ ಗಿಡ್ಡ ಚೂರಿ.

"ಲೋ ಫಿರ್ಮಿನ್, ಕಳಚೋ ಅದನ್ನ," ಎಂದನು.

"ಏನು ಮೇಸ್ತ್ರಿಗಳೇ?"

"ಕೈಗವಸು ಕಣೋ. ಮದುವಣಗಿತ್ತಿ ಥರ ಹಾಕ್ಕೊಂಡು ಕೂತಿದೀಯಲ್ಲ. ಜಡ್ಜ್ ಮುಂದೆ ಎಷ್ಟು ಚೆನ್ನಾಗಿ ಬಿಚ್ಚಿ ತೋರಿಸ್ದೆ! ನನಗೂ ತೋರ್ಸು."

ನನ್ನನ್ನು ಬಿಟ್ಟುಬಿಡುವಂತೆ ಫಿರ್ಮಿನ್ ಕೇಳಿಕೊಂಡನು. ಆಗ ದೆಲ್ಮೂಲಿ ಚೂರಿಯನ್ನು ಒಂದು ಬೆರಳಿನಷ್ಟು ಎಳೆದನು. ರಕ್ತ ನನ್ನ ಕಾಲರಿಗೆ ಇಳಿಯಿತು. ಫಿರ್ಮಿನ್ ಹಲ್ಲಿನಿಂದ ಕಚ್ಚಿ ಒಂದೊಂದಾಗಿ ಎರಡೂ ಕೈಗವಸು ಕಳಚಿದನು. ದೆಲ್ಮೂಲಿ ಹೇಳಿದ ಮೇಲೆ ಅವುಗಳನ್ನು ಕಿಟಕಿಯಿಂದ ಕೆಳಗಿನ ಪ್ರಪಾತಕ್ಕೆ ಎಸೆದನು.

ಊರ ಸೇತುವೆಯ ತನಕ ಬರಿಗೈಯಲ್ಲಿ ಓಡಿಸಬೇಕೆಂದೂ, ಬ್ರೇಕ್ ಹಾಕಿ ನಿಲ್ಲಿಸಿದರೆ ನನ್ನ ಕುತ್ತಿಗೆ ಉಳಿಯುವುದಿಲ್ಲವೆಂದೂ ದೆಲ್ಮೂಲಿ ತಿಳಿಸಿದನು. ಅಲ್ಲಿಂದ ಸೇತುವೆಗೆ ಏಳು ಕಿಲೋಮೀಟರ್, ಒಂಬತ್ತು ದೊಡ್ಡ ತಿರುವುಗಳಿವೆ. ನಮ್ಮ ಕಾರು ಹಳೆಯದು. ತಿರುವಿನಲ್ಲಿ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಬಲ ಹಾಕಿ ಎಳೆಯಬೇಕು, ಬಿಟ್ಟಾಗ ಅದು ಅಂಗೈಯನ್ನು ಉಜ್ಜಿಕೊಂಡು ವಾಪಸ್ ತಿರುಗುತ್ತದೆ.

ಎರಡನೇ ತಿರುವಿನಲ್ಲಿ ಅವನ ಬಲ ಅಂಗೈ ಸೀಳಿತು. ಸದ್ದೇನೂ ಇರಲಿಲ್ಲ, ಸ್ಟೀರಿಂಗ್ ಮೇಲೆ ಕೆಂಪು ಬಳೆಯಂತೆ ಗುರುತು ಮೂಡಿದ್ದರಿಂದ ನನಗೆ ತಿಳಿಯಿತು. ಮೂರನೆಯದರಲ್ಲಿ ಎಡಗೈ. ಅವನು ಅಂಗಿಯ ತೋಳನ್ನು ಕೈಯ ಮೇಲೆ ಎಳೆದುಕೊಳ್ಳಲು ನೋಡಿದಾಗ ದೆಲ್ಮೂಲಿ ನನ್ನ ತಲೆಯನ್ನು ಕಿಟಕಿಯ ಚೌಕಟ್ಟಿಗೆ ಎರಡು ಸಲ ಬಡಿದನು. ನನ್ನ ಮುಂದಿನ ಒಂದು ಹಲ್ಲು ಹೋಯಿತು. ಅದನ್ನು ನಾನು ನುಂಗಿದೆನೆಂದು ಕಾಣುತ್ತದೆ, ಆಮೇಲೆ ಹುಡುಕಿದರೂ ಸಿಗಲಿಲ್ಲ.

ದಾರಿಯುದ್ದಕ್ಕೂ ದೆಲ್ಮೂಲಿ ಮಾತಾಡುತ್ತಿದ್ದನು. ತಾನೂ ಹತ್ತೊಂಬತ್ತು ವರ್ಷ ಅದೇ ತೊಟ್ಟಿಗೆ ಕೈ ಹಾಕಿದವನೆಂದೂ, ಒಂದು ದಿನವೂ ಯಾರ ಮುಂದೂ ಗೋಳಾಡಲಿಲ್ಲವೆಂದೂ, ಈಗ ಊರಿನಲ್ಲಿ ಯಾರೂ ತನಗೆ ಕೆಲಸ ಕೊಡುವುದಿಲ್ಲವೆಂದೂ ಹೇಳಿದನು. ನನ್ನ ಗಲ್ಲದ ಕೆಳಗಿದ್ದ ಅವನ ಕೈಯನ್ನು ನಾನು ಆಗ ನೋಡಿದೆನು. ಗೆಣ್ಣುಗಳ ಮೇಲೆ ಅವೇ ಹಳ್ಳಗಳಿದ್ದವು. ಒಂದು ಹಳ್ಳದಲ್ಲಿ ಕೀವು ಇತ್ತು.

ಐದನೇ ತಿರುವಿನಲ್ಲಿ ರಕ್ತದಿಂದ ಸ್ಟೀರಿಂಗ್ ಪೂರ್ತಿ ಜಾರತೊಡಗಿತು. ಕಾರಿನ ಬಲಗಡೆಯ ಚಕ್ರ ಕಂದಕದ ಅಂಚಿನ ಜಲ್ಲಿಗೆ ಇಳಿಯಿತು. ಫಿರ್ಮಿನ್ ಸ್ಟೀರಿಂಗ್ ಒಳಗೆ ಮೊಣಕೈ ತೂರಿಸಿ, ಎದೆಯ ಭಾರ ಹಾಕಿ, ಕಾರನ್ನು ಎಡಕ್ಕೆ ಎಳೆದನು. "ಲಿಯೊಂಟಿನ್, ಬಗ್ಗು!" ಎಂದು ಕೂಗಿದನು. ಕಾರು ಬೆಟ್ಟದ ಕಡೆಯ ಕಲ್ಲುಗೋಡೆಗೆ ತಾಗಿ, ಸುಮಾರು ಇಪ್ಪತ್ತೈದು ಮೀಟರ್ ಗೋಡೆಯನ್ನು ಕೆರೆದುಕೊಂಡು ಹೋಗಿ ನಿಂತಿತು. ಫಿರ್ಮಿನ್ ಮಣಿಕಟ್ಟು ಸಿಕ್ಕಿಸಿ ಹ್ಯಾಂಡ್ ಬ್ರೇಕ್ ಎಳೆದನು. ಇಂಜಿನ್ ಆರಿತ್ತು.

ಹೊಡೆತಕ್ಕೆ ದೆಲ್ಮೂಲಿ ಎರಡು ಮುಂದಿನ ಸೀಟುಗಳ ನಡುವೆ ಅಂಗಾತ ಬಂದು ಬಿದ್ದಿದ್ದನು. ಬಲಗೈ ಮೊಣಕೈಯಿಂದ ತಿರುಚಿ ಹೋಗಿತ್ತು. ಚೂರಿ ಕಾರಿನ ಹೊರಗೆ ಬಿದ್ದಿತ್ತು. ನನ್ನ ಕುತ್ತಿಗೆಯ ಗಾಯಕ್ಕೆ ಆಮೇಲೆ ಒಂಬತ್ತು ಹೊಲಿಗೆ ಹಾಕಿದ್ದಾರೆ. ದೆಲ್ಮೂಲಿ ಕೆಳಗಿನಿಂದ ಫಿರ್ಮಿನ್‌ನ ಕೈಗಳನ್ನು ನೋಡಿ ನಕ್ಕನು.

"ನೋಡ್ದ್ಯೇನಮ್ಮಾ? ಬರಿಗೈಲೇ ಐದು ತಿರುವು ಇಳಿಸ್ದ ನಿನ್ ಗಂಡ. ಕೈಗೇನೂ ಆಗಿಲ್ಲ. ಕೋರ್ಟಲ್ಲಿ ಆಡಿದ್ದೆಲ್ಲ ನಾಟಕ," ಎಂದು ಹೇಳಿದನು.

ನಾನು ಬಗ್ಗಿ ಚೀಲದಲ್ಲಿ ಕೈ ಹಾಕಿದೆನು. ತೊಗಲುಗಳ ಅಡಿಯಲ್ಲಿ ನನ್ನ ಹೊಲಿಗೆಯ ಕತ್ತರಿ ಇತ್ತು. ನಾನು ಏನು ಹುಡುಕುತ್ತಿರುವೆನೆಂದು ಫಿರ್ಮಿನ್‌ಗೆ ಗೊತ್ತಾಯಿತು. "ಬೇಡ ಕಣೇ. ಅವನ ಕೈ ಮುರಿದಿದೆ. ಇನ್ನೇನೂ ಮಾಡಲ್ಲ ಅವನು. ಮುಗೀತು," ಎಂದನು. ನಾನು ಕತ್ತರಿಯನ್ನು ಮುಚ್ಚಿ ಹಿಡಿದು ದೆಲ್ಮೂಲಿಯ ಕತ್ತಿನ ಎಡಬದಿಗೆ ಚುಚ್ಚಿದೆನು. ಮೊದಲನೇ ಸಲ ಕಾಲರ್ ಅಡ್ಡ ಬಂತು. ಆದ್ದರಿಂದ ಎರಡನೇ ಸಲ ಚುಚ್ಚಿದೆನು.

ಫಿರ್ಮಿನ್ ನನ್ನನ್ನು ತಳ್ಳಿ, ತನ್ನ ಎರಡೂ ಅಂಗೈಗಳಿಂದ ಅವನ ಗಾಯವನ್ನು ಒತ್ತಿ ಹಿಡಿದನು. ಯಾರ ರಕ್ತ ಯಾವುದೆಂದು ತಿಳಿಯುತ್ತಿರಲಿಲ್ಲ. ಕುರಿ ಲಾರಿಯೊಂದು ಬಂದು, ಅದರಲ್ಲಿದ್ದವರು ಕೆಳಗೆ ಹೋಗಿ ಆಂಬುಲೆನ್ಸ್ ಕಳಿಸುವವರೆಗೆ, ಅಂದರೆ ಸುಮಾರು ನಲವತ್ತು ನಿಮಿಷ, ಅವನು ಕೈ ತೆಗೆಯಲಿಲ್ಲ. "ಮೇಸ್ತ್ರಿಗಳೇ, ಉಸಿರಾಡಿ. ನನ್ನ ನೋಡಿ, ಉಸಿರಾಡಿ," ಎನ್ನುತ್ತಲೇ ಇದ್ದನು. ನಾನು ರಸ್ತೆ ಬದಿಯ ಕಲ್ಲಿನ ಮೇಲೆ ಕುಳಿತಿದ್ದೆನು. ಸಹಾಯ ಮಾಡಲಿಲ್ಲ. ದೆಲ್ಮೂಲಿ ಸಂಜೆ 5-20ಕ್ಕೆ ಆಸ್ಪತ್ರೆಯಲ್ಲಿ ತೀರಿಕೊಂಡನೆಂದು ನನಗೆ ತಿಳಿಸಲಾಯಿತು.

ಚುಚ್ಚಿದವನು ತಾನೇ ಎಂದು ನನ್ನ ಗಂಡ ನಿನ್ನೆ ಆಸ್ಪತ್ರೆಯಲ್ಲಿ ಹೇಳಿಕೆ ಕೊಟ್ಟಿರುವುದಾಗಿ ಇಲ್ಲಿ ನನಗೆ ಓದಿ ಹೇಳಿದರು. ಅದು ಸುಳ್ಳು. ಅವನ ಬೆರಳುಗಳು ಆಗ ಮಡಚುವ ಸ್ಥಿತಿಯಲ್ಲಿರಲಿಲ್ಲ, ಆಸ್ಪತ್ರೆಯ ಡಾಕ್ಟರರನ್ನು ಕೇಳಬಹುದು.

ಈ ಹೇಳಿಕೆ ಬರೆದುಕೊಳ್ಳುತ್ತಿರುವ ಅಧಿಕಾರಿಯವರು ಲೇಖನಿ ಕೆಳಗಿಟ್ಟು, ಕಾರು ಗೋಡೆಗೆ ಬಡಿದ ರಭಸಕ್ಕೆ ಕತ್ತರಿ ತಾನಾಗಿಯೇ ನಾಟಿರಬಹುದಲ್ಲವೇ, ಚೆನ್ನಾಗಿ ನೆನಪು ಮಾಡಿಕೊಳ್ಳಿ ತಾಯಿ ಎಂದು ನನ್ನನ್ನು ಎರಡು ಸಲ ಕೇಳಿದರು. ಅವರು ಒಳ್ಳೆಯ ಮನಸ್ಸಿನಿಂದ ಕೇಳಿದ್ದಾರೆ. ನಾನು ನೆನಪು ಮಾಡಿಕೊಂಡೆನು. ಕಾರು ನಿಂತಿತ್ತು. ಫಿರ್ಮಿನ್ ಬೇಡ ಎಂದದ್ದು ನನಗೆ ಕೇಳಿಸಿತ್ತು.

ಮೇಲೆ ಬರೆದಿದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದ ಹಾಗೆಯೇ ಇದೆ. ಯಾರ ಒತ್ತಾಯವೂ ಇಲ್ಲದೆ ರುಜು ಮಾಡಿದ್ದೇನೆ.

ಸ್ಥಳ: ಮಿಯೋ
ದಿನಾಂಕ: 21-9-1964, ಬೆಳಿಗ್ಗೆ 11-15 ಗಂಟೆ
(ಸಹಿ) ಲಿಯೊಂಟಿನ್ ರೂಮೆಗೂ